ಬೀಜದೊಳಗಿನ ಒಕ್ಕಲು

ಬೀಜವೆಂದರೆ ಮೊಳೆ, ಹಿಟ್ಟು, ಸಿಪ್ಪೆ ಇಷ್ಟೇ ಎಂದು ನಾವು ತಿಳಿದಿರುತ್ತೇವೆ. ಆದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ಅದರೊಳಗೆ ಒಕ್ಕಲಾಗಿರುತ್ತವೆ. ಇವುಗಳಲ್ಲಿ ಕೆಲವು ತಾಯಿಗಿಡದಿಂದಲೇ ಬಂದು, ಮೊಳಕೆಯೊಡನೆ ಬೇರಿಗೂ ಇಳಿಯುತ್ತವೆ.

ಗೋವಿನಜೋಳವನ್ನೇ ನೋಡೋಣ. ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋ ದೇಶದ ಬೇಸಾಯಗಾರರು ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತಿ ಇದನ್ನು ಪಡೆದರು. ಗಟ್ಟಿ ಚಿಪ್ಪಿನ ಹತ್ತೆಂಟು ಕಾಳುಗಳಿದ್ದ ತೆನೆಯಲ್ಲಿ ಚಿಪ್ಪಿಲ್ಲದ ನೂರಾರು ಕಾಳುಗಳಾದವು. ಹಾಗಾದರೆ ಒಳಗಿನ ಒಕ್ಕಲಿನ ಗತಿಯೇನಾಯಿತು? ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಕಾಡುಹುಲ್ಲಿನ ಬೀಜವನ್ನೂ ಊರತಳಿ, ಹೊಸತಳಿಗಳ ಬೀಜವನ್ನೂ ಪರೀಕ್ಷಿಸಿ 2011ರಲ್ಲಿ ಫಲವನ್ನು ಪ್ರಕಟಿಸಿದರು. ತಳಿಯ ನಂಟು ದೂರವಾದಂತೆ ಸೂಕ್ಷ್ಮಜೀವಿಗಳ ಕೂಟವೂ ಬೇರೆಯಾಗಿತ್ತು. ಆದರೂ ಕೆಲವು ಬಳಗಗಳು ಎಲ್ಲದರಲ್ಲಿಯೂ ಉಳಿದುಬಂದಿದ್ದವು. ರಂಜಕವನ್ನು ಕರಗಿಸಬಲ್ಲವೂ ಇವುಗಳಲ್ಲಿದ್ದವು.

ಎಂದರೆ, ಕಾಳನ್ನು ಆರಿಸುವಾಗ ನಾವು ಅರಿಯದೆಯೇ ಅದರ ಒಕ್ಕಲನ್ನೂ ಆರಿಸುತ್ತೇವೆ. ಒಳಿತಿನಂತೆ ಕೆಡುಕೂ ಬೀಜದೊಡನೆ ಬರುವುದುಂಟು. ಜೋಳದ ಕಾಡಿಗೆ ರೋಗ ಕಾಳಿಗೆ ಅಂಟಿಯೇ ಬರುತ್ತದೆ. ಆದುದರಿಂದ ಮನೆಯ ನಾಟಿ ಬೀಜವನ್ನು ಇಡುವವರು ತೆನೆಯ ಗಾತ್ರವನ್ನಷ್ಟೇ ನೋಡದೆ, ರೋಗವಿಲ್ಲದ ಗಿಡಗಳನ್ನು ಹೊಲದಲ್ಲಿಯೇ ಗುರುತಿಟ್ಟು, ಅವುಗಳ ಕಾಳನ್ನು ಚೆನ್ನಾಗಿ ಒಣಗಿಸಿ ಬೇರೆಯಾಗಿ ಇಡತಕ್ಕದ್ದು.