ಗಿಣ್ಣು ಬೇಯಿಸಲು ಯಾವ ಪಾತ್ರೆ?



ಹಸು ಕರು ಹಾಕಿದ ಮನೆಯಲ್ಲಿ ಗಿಣ್ಣಿನ ಆಸೆ ಯಾರಿಗಿಲ್ಲ? ಆದರೆ ಒಮ್ಮೊಮ್ಮೆ ಅಂಚು ಗಟ್ಟಿಯಾಗಿ ನಡುಭಾಗ ತೆಳ್ಳಗೇ ಉಳಿಯುತ್ತದೆ, ಇಲ್ಲವೇ ಮೇಲೆ ನೀರು ನಿಲ್ಲುತ್ತದೆ. ಹಾಲನ್ನು ದೂರುತ್ತೇವೆ. ಬಹಳ ಸಲ ತಪ್ಪು ಪಾತ್ರೆಯದು.

ಮೊದಲು ಕರುವಿನ ಪಾಲು

ಹುಟ್ಟಿದ ಒಂದು ಗಂಟೆಯೊಳಗೆ ಕರುವಿಗೆ ಗಿಣ್ಣು ಹಾಲು ಕುಡಿಸಿ. ಮೊದಲ ದಿನ ಅದರ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ ಸುಮಾರು 3 ಲೀಟರ್ ಬೇಕು. ಒಂದೇ ಸಲಕ್ಕಲ್ಲ, ಎರಡು ಮೂರು ಸಲ ಕೊಡಿ. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಈ ಹಾಲಿನಿಂದಲೇ. ತಡವಾದಷ್ಟೂ ಆ ಶಕ್ತಿ ಮೈಗೆ ಹತ್ತುವುದು ಕಡಿಮೆ. ಉಳಿದರೆ ಮಾತ್ರ ಗಿಣ್ಣು.

ಪಾತ್ರೆ ಹೇಗಿರಬೇಕು?

ಅಗಲವಾದ, ತಳ ಸಮನಾಗಿರುವ ಸ್ಟೀಲ್ ಡಬ್ಬಿ ಅಥವಾ ಬಟ್ಟಲು ಒಳ್ಳೆಯದು. ಹಾಲು ಮೂರು ಬೆರಳಿಗಿಂತ ಆಳ ಬೇಡ. ಆಳವಾದರೆ ನಡುಭಾಗಕ್ಕೆ ಬಿಸಿ ತಲುಪುವಷ್ಟರಲ್ಲಿ ಅಂಚು ಗಡುಸಾಗುತ್ತದೆ. ಅಂಥ ಡಬ್ಬಿ ಇಲ್ಲವೇ? ಊಟದ ಕ್ಯಾರಿಯರ್‌ನ ಒಂದು ಡಬ್ಬಿ, ಅಂಚಿರುವ ತಟ್ಟೆ, ಸ್ಟೀಲ್ ಲೋಟಗಳು ಸಹ ಆಗುತ್ತವೆ. ಪ್ಲಾಸ್ಟಿಕ್ ಡಬ್ಬಿ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆ ಬೇಡ.

ಇಡ್ಲಿ ಪಾತ್ರೆ ಇಲ್ಲದಿದ್ದರೆ ಯಾವುದಾದರೂ ದೊಡ್ಡ ಪಾತ್ರೆಯ ತಳದಲ್ಲಿ ಸಣ್ಣ ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲೆ ಡಬ್ಬಿ ಇಡಿ. ಸುತ್ತಲಿನ ನೀರು ಡಬ್ಬಿಯ ಅರ್ಧಕ್ಕಿಂತ ಮೇಲೆ ಬರಬಾರದು. ಡಬ್ಬಿಗೆ ತಟ್ಟೆ ಮುಚ್ಚಿ. ಆಗ ಆವಿಯ ಹನಿ ಒಳಗೆ ಬೀಳುವುದಿಲ್ಲ. ಕುಕ್ಕರ್ ಆದರೆ ವಿಷಲ್ ಹಾಕಬೇಡಿ.

ಬೇಯಿಸುವ ಕ್ರಮ

ಮೊದಲ ದಿನದ ಹಾಲು ತುಂಬಾ ಗಟ್ಟಿ. ಮಾಮೂಲಿ ಹಾಲು ಬೆರೆಸಬೇಕು. ಎಷ್ಟೆಂದು ಅನುಮಾನವಿದ್ದರೆ ಮೊದಲು ಒಂದು ಲೋಟದಲ್ಲಿ ಸ್ವಲ್ಪ ಬೇಯಿಸಿ ನೋಡಿ. ರಬ್ಬರಿನಂತಾದರೆ ಇನ್ನಷ್ಟು ಹಾಲು ಸೇರಿಸಿ. ಗಟ್ಟಿಯಾಗದಿದ್ದರೆ ಗಿಣ್ಣು ಹಾಲನ್ನೇ ಹೆಚ್ಚಿಸಿ. ಬೆಲ್ಲವನ್ನು ಕರಗಿಸಿ, ಸೋಸಿ, ಏಲಕ್ಕಿ ಹಾಕಿ. ನೊರೆ ಬರುವಂತೆ ಕಲಕಬೇಡಿ. ಉರಿ ಸಣ್ಣಗಿರಲಿ, ಉರಿ ಜೋರಾದರೆ ಗಿಣ್ಣಿನ ತುಂಬ ತೂತು. ಇಪ್ಪತ್ತು ನಿಮಿಷದ ನಂತರ ನಡುವೆ ಚಾಕು ಚುಚ್ಚಿ ನೋಡಿ, ಅಂಟದೆ ಬಂದರೆ ಬೆಂದಿದೆ. ಆರಿದ ಮೇಲೆ ಕತ್ತರಿಸಿ.

ಕೆಚ್ಚಲಿಗೆ ಔಷಧಿ ಏರಿಸಿದ್ದರೆ ಅಥವಾ ಹಸುವಿಗೆ ಚುಚ್ಚುಮದ್ದು ಕೊಡಿಸಿದ್ದರೆ ಪಶುವೈದ್ಯರನ್ನು ಕೇಳದೆ ಗಿಣ್ಣು ಮಾಡಬೇಡಿ.

ಕ್ಯಾನಿಗೆ ಬೇಡ

ಬಿಸಿ ತಾಗಿದರೆ ಗಟ್ಟಿಯಾಗುವ ಪ್ರೋಟೀನ್ ಈ ಹಾಲಿನಲ್ಲಿ ಹೆಚ್ಚು. ನಿಮ್ಮ ಡಬ್ಬಿಯಲ್ಲಿ ಗಿಣ್ಣು ಕಟ್ಟುವುದು ಅದರಿಂದಲೇ. ಅದೇ ಹಾಲು ಸಂಘದ ಕ್ಯಾನಿಗೆ ಬಿದ್ದರೆ ಕಾಯಿಸುವಾಗ ಊರವರೆಲ್ಲರ ಹಾಲೂ ಒಡೆಯಬಹುದು. ಆದ್ದರಿಂದ ಕರು ಹಾಕಿದ ಮೊದಲ ಐದು ದಿನ ಆ ಹಸುವಿನ ಹಾಲು ಡೇರಿಗೆ ಬೇಡ. ಕರುವಿಗೆ ಕುಡಿಸಿ, ಮಿಕ್ಕಿದ್ದನ್ನು ಡಬ್ಬಿಗೆ ಹಾಕಿ, ನೆರೆಮನೆಗೂ ಒಂದು ತುಂಡು ಕೊಡಿ.