ಸಾಲ ಉಳಿಸಿಕೊಟ್ಟ ಊರು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಯಾಂಪರ್‌ವ್ಯಾನ್ ಹತ್ತಿ ಹೊರಟವರು ಓಮರುವಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಕ್ರೈಸ್ಟ್‌ಚರ್ಚ್‌ನಿಂದ ಸುಮಾರು 250 ಕಿ.ಮೀ. ಬಂದಾಗಿರುತ್ತದೆ, ಡ್ಯುನೆಡಿನ್‌ಗೆ ಇನ್ನೂ 110 ಕಿ.ಮೀ. ಉಳಿದಿರುತ್ತದೆ. ಡೀಸೆಲ್ ಹಾಕಿಸಿ, ಕಾಫಿ ಕುಡಿದು, ಎರಡು ಫೋಟೊ ತೆಗೆದು ಮುಂದಕ್ಕೆ ಹೋಗುತ್ತಾರೆ. ಕ್ರೈಸ್ಟ್‌ಚರ್ಚ್‌ನಲ್ಲಿ ನೆಲೆಸಿರುವ ನನ್ನ ತಂಗಿಯೂ ಹಾಗೆ ಎಷ್ಟೋ ಸಲ ಹಾದುಹೋದವಳೇ. ಈ ಸಲ ಮಾತ್ರ, ಇಡೀ ದಿನ ಇಲ್ಲೇ ಎಂದು ಹೊರಡುವಾಗಲೇ ಗಟ್ಟಿ ಮಾಡಿಕೊಂಡಿದ್ದೆವು.

ಹೆದ್ದಾರಿಯೇ ಊರೊಳಗೆ ಬಂದು ಥೇಮ್ಸ್ ಸ್ಟ್ರೀಟ್ ಆಗುತ್ತದೆ. ಹೆಚ್ಚಿನ ಬೀದಿಗಳಿಗೆ ಬ್ರಿಟನ್ನಿನ ನದಿಗಳ ಹೆಸರು: ಟೈನ್, ಟೀಸ್, ಸೆವರ್ನ್, ಹಂಬರ್. ವಲಸೆ ಬಂದವರು ಮನೆಯ ನೆನಪಿಗೆ ಏನನ್ನಾದರೂ ಹೊತ್ತು ತರುತ್ತಾರೆ, ಇವರು ನದಿಗಳನ್ನೇ ತಂದಿದ್ದಾರೆ. ಥೇಮ್ಸ್ ಸ್ಟ್ರೀಟ್ ವಿಪರೀತ ಅಗಲ. ನಮ್ಮ ಉದ್ದನೆಯ ವ್ಯಾನನ್ನು ಒಂದೇ ಪ್ರಯತ್ನಕ್ಕೆ ನಿಲ್ಲಿಸಬಹುದು. ಎಡಬದಿಯ ಸಂಚಾರವಾದ್ದರಿಂದ ನಮ್ಮವರಿಗೆ ಓಡಿಸುವುದೂ ಕಷ್ಟವಲ್ಲ.

ಇಳಿದು ತಲೆ ಎತ್ತಿದರೆ ಎರಡೂ ಬದಿಗೆ ಕೆನೆಬಿಳುಪಿನ ಕಟ್ಟಡಗಳು. ಗ್ರೀಕ್ ಕಂಬಗಳ ಬ್ಯಾಂಕುಗಳು, ಕೋರ್ಟು, 1907ರ ಒಪೇರಾ ಹೌಸ್. ಹದಿನಾಲ್ಕು ಸಾವಿರದ ಆಸುಪಾಸಿನ ಜನಸಂಖ್ಯೆಯ ಊರಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ಹೆಚ್ಚಿನವು ಫಾರೆಸ್ಟರ್ ಮತ್ತು ಲೆಮನ್ ಎಂಬ ಜೋಡಿ ವಾಸ್ತುಶಿಲ್ಪಿಗಳ ಕೆಲಸ. ರಾಬರ್ಟ್ ಲಾಸನ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ 1884ರ ಬ್ಯಾಂಕ್ ಈಗ ಫಾರೆಸ್ಟರ್ ಗ್ಯಾಲರಿ ಎಂಬ ಕಲಾಸಂಗ್ರಹಾಲಯ. ಕಲ್ಲು ಇಲ್ಲಿಯದೇ, ಓಮರು ಸ್ಟೋನ್ ಎಂಬ ಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಸಣ್ಣ ಜೀವಿಗಳ ಚಿಪ್ಪು ಮಡುಗಟ್ಟಿ ಆದದ್ದು. ಕ್ವಾರಿಯಿಂದ ತೆಗೆಯುವಾಗ ಗರಗಸಕ್ಕೆ ಸಿಗುವಷ್ಟು ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ನಮ್ಮ ಕರಾವಳಿಯ ಮುರಕಲ್ಲಿನ ಸ್ವಭಾವವೂ ಅದೇ ತಾನೆ! ಡ್ಯುನೆಡಿನ್ ರೈಲು ನಿಲ್ದಾಣದ ಕಪ್ಪು ಗೋಡೆಗಳ ಮೇಲಿನ ಬಿಳಿ ಅಲಂಕಾರವೂ ಈ ಕಲ್ಲಿನದೇ.

ಹಣ ಬಂದದ್ದು ಗೋಧಿ ಮತ್ತು ಉಣ್ಣೆಯಿಂದ. 1870ರ ದಶಕದಲ್ಲಿ ಊರು ಉಬ್ಬಿತು. ಅಲೆಗಳನ್ನು ತಡೆಯಲು ಸಮುದ್ರದೊಳಕ್ಕೆ ಗೋಡೆ ಕಟ್ಟಿದರು, ದೂರದ ನದಿಯಿಂದ ಕಾಲುವೆ ತೋಡಿ ನೀರು ತಂದರು. ಎಲ್ಲವೂ ಸಾಲದ ಮೇಲೆ. 1880ರ ದಶಕದ ಆರ್ಥಿಕ ಕುಸಿತ ಬಂದಾಗ ಪುರಸಭೆ ದಿವಾಳಿಯ ಅಂಚಿಗೆ ಬಂತು. ರೈಲು, ಆಮೇಲೆ ರಸ್ತೆ, ಸರಕನ್ನೆಲ್ಲ ಬೇರೆ ಬಂದರುಗಳಿಗೆ ಒಯ್ದವು. 1974ರಲ್ಲಿ ಇಲ್ಲಿಗೆ ಹಡಗುಗಳು ಬರುವುದು ನಿಂತೇಹೋಯಿತು. ಬೇರೆ ಊರುಗಳು ಹಳೆಯದನ್ನು ಕೆಡವಿ ಗಾಜು, ಕಾಂಕ್ರೀಟು ಏರಿಸುತ್ತಿದ್ದಾಗ ಓಮರುವಿನ ಕೈಯಲ್ಲಿ ಕೆಡವುವುದಕ್ಕೂ ಕಾಸಿರಲಿಲ್ಲ. ನಾವಿವತ್ತು ಕತ್ತೆತ್ತಿ ನೋಡುತ್ತಿರುವ ಸೊಬಗಿನಲ್ಲಿ ಅರ್ಧದಷ್ಟಾದರೂ ಆ ಬಡತನ ಕಾಪಾಡಿಕೊಟ್ಟದ್ದು. 1987ರಲ್ಲಿ ಹುಟ್ಟಿದ ವೈಟ್‌ಸ್ಟೋನ್ ಸಿವಿಕ್ ಟ್ರಸ್ಟ್ ಬಂದರಿನ ಬಳಿಯ ಗೋದಾಮುಗಳನ್ನು ಕೊಂಡು ದುರಸ್ತಿ ಮಾಡತೊಡಗಿತು.

ಆ ಗೋದಾಮುಗಳ ಹಾರ್ಬರ್ ಸ್ಟ್ರೀಟ್ ಒಂದು ಓಣಿ, ಅಷ್ಟೆ. ಧಾನ್ಯದ ಮೂಟೆ ಇದ್ದಲ್ಲಿ ಈಗ ಬೇಕರಿ, ಹಳೆಯ ಪುಸ್ತಕಗಳ ಅಂಗಡಿ, ಚಿತ್ರಕಾರರ ಕೋಣೆಗಳು. ಅವಸರವಿಲ್ಲದೆ ಬಾಗಿಲು ಬಾಗಿಲು ಇಣುಕುತ್ತ ಹೋದರೆ ಬೆಳಗು ಮುಗಿಯುತ್ತದೆ. ಹತ್ತಿರದಲ್ಲೇ, 1883ರ ಧಾನ್ಯದ ಕಟ್ಟಡವೊಂದರಲ್ಲಿ ಸ್ಟೀಮ್‌ಪಂಕ್ ಎಚ್‌ಕ್ಯೂ ಇದೆ. ಹಬೆಯಂತ್ರದ ಕಾಲ ಮುಗಿಯದೇ ಹೋಗಿದ್ದರೆ ಭವಿಷ್ಯ ಹೇಗಿರುತ್ತಿತ್ತು ಎಂಬ ಕಲ್ಪನೆಯ ಮೇಲೆ ಕಟ್ಟಿದ ಪ್ರದರ್ಶನ. ಹೊರಗೆ ಮುಗಿಲಿಗೆ ಮೂತಿ ಎತ್ತಿ ನಿಂತ ರೈಲು ಎಂಜಿನ್ನಿಗೆ ಎರಡು ಡಾಲರ್ ನಾಣ್ಯ ಹಾಕಿದರೆ ಹೊಗೆ ಕಾರುತ್ತದೆ. ಮಕ್ಕಳಿಗೆ ಖುಷಿ. ನನಗೆ ಅರ್ಧ ಗಂಟೆ ಸಾಕೆನಿಸಿತು, ಪಕ್ಕದ ಗೋಡೆಯ ಕಲ್ಲೇ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು.

ಮಧ್ಯಾಹ್ನ ಫ್ರೆಂಡ್ಲಿ ಬೇ ಎಂಬ ಕೊಲ್ಲಿಯ ಹುಲ್ಲಿನ ಬದಿಯಲ್ಲಿ ವ್ಯಾನ್ ನಿಲ್ಲಿಸಿ ಉಪ್ಪಿಟ್ಟು. ಸಾಮಾನೆಲ್ಲ ಕ್ರೈಸ್ಟ್‌ಚರ್ಚ್‌ನ ಇಂಡಿಯನ್ ಅಂಗಡಿಯದು. ಊರಿಂದ ಚಟ್ನಿಪುಡಿ ಒಯ್ಯುವವರು ದೇಶ ಪ್ರವೇಶಿಸುವಾಗಿನ ಘೋಷಣೆಯಲ್ಲಿ ತಪ್ಪದೆ ನಮೂದಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ತಿಂದಾದ ಮೇಲೆ ಬಾಣಲೆ ತೊಳೆಯಹೋದವಳನ್ನು ತಂಗಿ ತಡೆದಳು: “ಅಕ್ಕಾ, ಎಣ್ಣೆ ಸಿಂಕಿಗೆ ಬಿಡ್ಬೇಡ್ವೇ, ಕಾಗದದಲ್ಲಿ ಒರೆಸು. ಆ ನೀರೆಲ್ಲ ಕೆಳಗಿನ ಟ್ಯಾಂಕಲ್ಲೇ ಇರತ್ತೆ.” ತೊಳೆದ ನೀರು, ಶೌಚದ ಡಬ್ಬಿ ಎರಡನ್ನೂ ಡಂಪ್ ಸ್ಟೇಷನ್ ಎಂಬ ಗೊತ್ತಾದ ಜಾಗದಲ್ಲೇ ಖಾಲಿ ಮಾಡಬೇಕು. ಕ್ಯಾಂಪರ್‌ವ್ಯಾನ್ ಸಂಸಾರದ ಅಂದದ ಫೋಟೊಗಳಲ್ಲಿ ಈ ಕೆಲಸ ಕಾಣಿಸುವುದಿಲ್ಲ.

ಎದುರಿಗೆ 1884ರ ಸಂಪ್ಟರ್ ವಾರ್ಫ್. ಶಿಥಿಲವಾದ ಆ ಮರದ ಕಟ್ಟೆಗೆ ಈಗ ಮನುಷ್ಯರಿಗೆ ಪ್ರವೇಶವಿಲ್ಲ. ನೀರುಕಾಗೆಗಳು ಇಡಿಯಾಗಿ ಆಕ್ರಮಿಸಿಕೊಂಡಿವೆ, ಗಾಳಿ ಈ ಕಡೆ ತಿರುಗಿದರೆ ವಾಸನೆ ಊಟಕ್ಕೂ ಬರುತ್ತದೆ.

ಈಡನ್ ಸ್ಟ್ರೀಟಿನ 56ನೇ ನಂಬರಿನ ಮನೆಗೆ ಹೋಗದೆ ಬರಬೇಡಿ. ಕಾದಂಬರಿಕಾರ್ತಿ ಜಾನೆಟ್ ಫ್ರೇಮ್ (1924–2004) ಬೆಳೆದ ಮನೆ. ಅಪ್ಪ ರೈಲ್ವೆ ನೌಕರ, ಮನೆ ತುಂಬ ಮಕ್ಕಳು, ಕೈಯಲ್ಲಿ ಹಣವಿಲ್ಲ. ಮುಂದೆ ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಳನ್ನು ಕಳೆದ ಆಕೆಯ ಮಿದುಳಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಮೊದಲ ಕಥಾಸಂಕಲನಕ್ಕೆ ಸಾಹಿತ್ಯ ಬಹುಮಾನ ಬಂದ ಸುದ್ದಿ ತಿಳಿದು ವೈದ್ಯರು ಅದನ್ನು ಕೈಬಿಟ್ಟರು. ಬಹುಮಾನಗಳಿಂದ ಏನು ಉಪಯೋಗ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ನನಗೆ ಗೊತ್ತಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ ಮಾತ್ರ ಬಾಗಿಲು ತೆರೆದಿರುತ್ತದೆ. ಸಣ್ಣ ಕೋಣೆಗಳು, ಕಿಟಕಿಯಾಚೆ ಗುಡ್ಡ.

ಸಂಜೆ ಪೆಂಗ್ವಿನ್‌ಗಳದ್ದು. ಬಂದರಿನಾಚೆಯ ಹಳೆಯ ಕಲ್ಲುಕ್ವಾರಿಯೇ ನೀಲಿ ಪೆಂಗ್ವಿನ್‌ಗಳ ಬೀಡು. ಪೆಂಗ್ವಿನ್ ಕುಲದಲ್ಲೇ ಚಿಕ್ಕವು, ತೂಕ ಒಂದು ಕೆ.ಜಿ.ಯಷ್ಟು. ಹಗಲಿಡೀ ಕಡಲಲ್ಲಿ ಮೀನು ಹಿಡಿದು ಕತ್ತಲಾದ ಮೇಲೆ ಗುಂಪು ಗುಂಪಾಗಿ ದಡ ಹತ್ತುತ್ತವೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವಾಗಲೇ ಒಂಬತ್ತೂವರೆ, ಹಾಗಾಗಿ ರಾತ್ರಿಯೂಟ ಮುಗಿಸಿಯೇ ಹೋದೆವು. ಟಿಕೆಟ್ ಕೊಂಡು ಮೆಟ್ಟಿಲಾಸನದಲ್ಲಿ ಕೂರಬೇಕು, ಮಾತು ಮೆಲ್ಲಗಿರಬೇಕು, ಕ್ಯಾಮೆರಾ, ಮೊಬೈಲು ಎರಡೂ ಚೀಲದೊಳಗೇ. ಈ ಕಟ್ಟಳೆ ನನಗೆ ಬಹಳ ಹಿಡಿಸಿತು. ಎಲ್ಲರ ಕಣ್ಣೂ ನೀರಿನ ಮೇಲೇ ಇತ್ತು. ಮೊದಲ ಗುಂಪು ಅಲೆಯೊಂದಿಗೆ ಬಂಡೆಗೆ ಬಿದ್ದು, ಎದ್ದು, ಮೈ ಕೊಡವಿ, ಒಂದು ಕ್ಷಣ ತಡೆದು ನಿಂತು, ಇದ್ದಕ್ಕಿದ್ದಂತೆ ಒಟ್ಟಿಗೆ ಓಡಿ ಗೂಡುಗಳತ್ತ ಮರೆಯಾಯಿತು. ಕೆಲವು ಊರೊಳಗಿನ ಹಳೆಯ ಕಟ್ಟಡಗಳ ಅಡಿಯಲ್ಲೂ ಬಿಡಾರ ಹೂಡುವುದುಂಟು. ಕತ್ತಲಾದ ಮೇಲೆ ಬಂದರಿನ ರಸ್ತೆಯಲ್ಲಿ ವ್ಯಾನ್ ನಿಧಾನಕ್ಕೆ ಓಡಿಸಬೇಕಾದದ್ದು ಅದಕ್ಕೇ.

ಹೋಗುವವರಿಗೆ ಇಷ್ಟು: ಪೆಂಗ್ವಿನ್‌ಗಳು ಹೆಚ್ಚು ಕಾಣುವುದು ಅಲ್ಲಿನ ಬೇಸಿಗೆಯಲ್ಲಿ, ನವೆಂಬರಿನಿಂದ ಜನವರಿಯವರೆಗೆ. ಟಿಕೆಟ್ ಮುಂಚೆಯೇ ಕಾದಿರಿಸಿ. ಬೇಸಿಗೆ ಎಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ, ರಾತ್ರಿಯ ಕಡಲಗಾಳಿ ಕೊರೆಯುತ್ತದೆ. ವ್ಯಾನ್ ನಿಲ್ಲಿಸಲು ಸಾರ್ವಜನಿಕ ಉದ್ಯಾನದ ಪಕ್ಕದಲ್ಲೇ ಕರೆಂಟು, ಬಿಸಿನೀರು ಇರುವ ಹಾಲಿಡೇ ಪಾರ್ಕ್ ಇದೆ. ದೊಡ್ಡ ದುಂಡು ಬಂಡೆಗಳಿಗೆ ಹೆಸರಾದ ಮೊರಾಕಿ ಕಡಲತೀರ ದಕ್ಷಿಣಕ್ಕೆ 40 ಕಿ.ಮೀ., ಅದನ್ನು ಮರುದಿನ ಬೆಳಗ್ಗೆ ನೋಡಿದರಾಯಿತು.