ಉಸಿರಿನ ಮದ್ದು ರಕ್ತನಾಳವನ್ನೂ ಕಾಯುವುದೇ?

ಬೆಳಗಿನ ಜಾವ ಅಜ್ಜನ ಕೆಮ್ಮಿಗೆ ಎಚ್ಚರಗೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಚಳಿಗಾಲ ಬಂದರೆ ಕಫ. ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದವರಿಗಷ್ಟೇ ಅಲ್ಲ, ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ಅಜ್ಜಿಯರಿಗೂ ಈ ಕಾಯಿಲೆ ಬರುತ್ತದೆ. ವೈದ್ಯರು ಇದನ್ನು ಸಿಒಪಿಡಿ ಎನ್ನುತ್ತಾರೆ. ಇದರಲ್ಲಿ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ.

ಆದರೆ ಈ ರೋಗಿಗಳಲ್ಲಿ ಅನೇಕರ ಪ್ರಾಣಕ್ಕೆ ಎರವಾಗುವುದು ಹೃದ್ರೋಗ! ಇದೇಕೆ ಹೀಗೆ? ನಮ್ಮ ರಕ್ತನಾಳಗಳ ಒಳಮೈಗೆ ಜೀವಕೋಶಗಳ ತೆಳುವಾದ ಪದರವಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳಗಳು ಹಿಗ್ಗುವಂತೆ ನೋಡಿಕೊಳ್ಳುತ್ತದೆ. ತಂಬಾಕಿನ ಹೊಗೆ ಈ ಪದರವನ್ನೂ ಕೆಡಿಸುತ್ತದೆ. ಜೊತೆಗೆ ಅನೇಕ ರೋಗಿಗಳ ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಎಂಬ ಪ್ರೋಟೀನು ಹೆಚ್ಚಿರುತ್ತದೆ.

ಇನ್ಹೇಲರ್ ಮೂಲಕ ಸೇದುವ ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುವ ಮದ್ದು. ಹಾಗಿದ್ದರೆ ಅದು ರಕ್ತನಾಳಗಳನ್ನೂ ಕಾಯಬಾರದೇಕೆ? 2004ರಲ್ಲಿ ಕೆನಡಾದ ಡಾ. ಡಾನ್ ಸಿನ್ ಮತ್ತು ಸಂಗಡಿಗರು 41 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಸಿಆರ್‌ಪಿ ಇಳಿಯಿತು, ಆಸೆ ಚಿಗುರಿತು. ಆದರೆ ಅದೇ ಸಿನ್ 2008ರಲ್ಲಿ 289 ರೋಗಿಗಳ ಅಧ್ಯಯನ ಪ್ರಕಟಿಸಿದಾಗ ಸಿಆರ್‌ಪಿ ಇಳಿದಿರಲಿಲ್ಲ. 2016ರಲ್ಲಿ ‘ಸಮಿಟ್’ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೃದ್ರೋಗ ಇದ್ದ ಅಥವಾ ಅದರ ಅಪಾಯವಿದ್ದ 16 ಸಾವಿರಕ್ಕೂ ಹೆಚ್ಚು ಸಿಒಪಿಡಿ ರೋಗಿಗಳು ಅದರಲ್ಲಿದ್ದರು. ಸ್ಟೀರಾಯ್ಡ್ ಇರುವ ಜೋಡಿ ಇನ್ಹೇಲರಿನಿಂದ ಉಸಿರಾಟದ ತೊಂದರೆ ಉಲ್ಬಣಿಸುವುದು ಕಡಿಮೆಯಾಯಿತು. ಆದರೆ ಸಾವಾಗಲಿ, ಹೃದಯಾಘಾತ, ಪಾರ್ಶ್ವವಾಯುಗಳಂಥ ಅನಾಹುತವಾಗಲಿ ಕಡಿಮೆಯಾಯಿತೆಂದು ಸಾಬೀತಾಗಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಪಾಠವೊಂದಿದೆ. ತನಗೇ ಸಿಕ್ಕಿದ ಸಿಹಿ ಉತ್ತರವನ್ನು ಮತ್ತೆ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನ.

ಹಾಗೆಂದು ಮನೆಯ ಹಿರಿಯರು ಇನ್ಹೇಲರ್ ಬದಿಗಿಡಬಾರದು. ಪದೇ ಪದೇ ಉಸಿರಾಟದ ತೊಂದರೆ ಉಲ್ಬಣಿಸುವವರಿಗೆ, ಅದರಲ್ಲೂ ರಕ್ತದಲ್ಲಿ ಇಯೋಸಿನೊಫಿಲ್ ಕಣಗಳು ಹೆಚ್ಚಿರುವವರಿಗೆ, ಸ್ಟೀರಾಯ್ಡಿನಿಂದ ನಿಜವಾದ ಉಪಕಾರವಿದೆ. ಕೆಲವರಿಗೆ ನ್ಯುಮೋನಿಯಾ ಬರುವ ಸಂಭವ ಹೆಚ್ಚುವುದೂ ಉಂಟು. ಆದ್ದರಿಂದ ಆರಂಭಿಸುವುದು, ನಿಲ್ಲಿಸುವುದು ಎರಡೂ ವೈದ್ಯರ ಸಲಹೆಯಂತೆಯೇ ಆಗಬೇಕು. ಪ್ರತಿ ಸಲ ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ರ ಕಾಣಿಸಿಕೊಳ್ಳಬಹುದು.

ಶ್ವಾಸಕೋಶ, ರಕ್ತನಾಳ ಎರಡನ್ನೂ ಒಟ್ಟಿಗೆ ಕಾಯುವ ಉಪಾಯ ಬೇರೆಯೇ ಇದೆ. ಅದು ಹೊಗೆ ಬಿಡುವುದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲುಗಳ ಮೇಲೂ ಕಣ್ಣಿಟ್ಟಿರಬೇಕು. ಅಜ್ಜ ಬಾಯಿ ಮುಕ್ಕಳಿಸಿದರೇ ಎಂದು ಮೊಮ್ಮಕ್ಕಳು ವಿಚಾರಿಸಲಿ. ಅಪ್ಪನ ಜೇಬಿನಲ್ಲಿ ಸಿಗರೇಟು ಪ್ಯಾಕಿದ್ದರೆ ಅದನ್ನೂ ವಿಚಾರಿಸಲಿ. ಅಜ್ಜನ ಕೆಮ್ಮು ಮುಂದಿನ ತಲೆಮಾರಿಗೆ ಬಳುವಳಿಯಾಗಿ ಬರುವುದು ಬೇಡ.